ವುಯಾರ್ ಟಿಪ್ಪಣಿ: ಗೋಡೆಯೊಳಗೆ ಸೇರಿಹೋದ ಅಕ್ಕ

ತಲೆಯಲ್ಲಿ ಬಿಸಿಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ಫ್ರೆಂಚ್ ಚಿತ್ರಕಾರ ಎದುವಾರ್ ವುಯಾರ್‌ನ ಒಂದೇ ಒಂದು ಚಿತ್ರ ನನ್ನನ್ನು ಎರಡು ವಾರ ಹಿಡಿದು ನಿಲ್ಲಿಸಿತು. 'ಒಳಾಂಗಣ: ಕಲಾವಿದನ ತಾಯಿ ಮತ್ತು ಅಕ್ಕ' ಅಂತ ಅದರ ಹೆಸರು. ಬರೆದದ್ದು 1893ರಲ್ಲಿ. ಈಗ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ತುಂಬ ಸಣ್ಣದು, ಅಗಲ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಪುಸ್ತಕದಲ್ಲಿ ನೋಡಿ ದೊಡ್ಡ ಚಿತ್ರ ಅಂದುಕೊಂಡಿದ್ದೆ.

ಮೊದಲು ಹೆಸರು. ಫ್ರೆಂಚ್‌ನಲ್ಲಿ ಬರೆದಾಗ ಎರಡು 'ಲ', ಕೊನೆಗೊಂದು 'ಡ' ಬರುತ್ತವೆ. ಉಚ್ಚಾರದಲ್ಲಿ ಎರಡೂ ಇಲ್ಲ. ಅವನ ಗೆಳೆಯ, ಚಿತ್ರಕಾರ ಬೊನಾರ್ ಹೆಸರಲ್ಲೂ ಕೊನೆಯ 'ಡ' ಹೀಗೇ ಉಚ್ಚಾರವಾಗುವುದಿಲ್ಲ.

ಬದುಕು, ಚಿಕ್ಕದಾಗಿ

ಹುಟ್ಟಿದ್ದು 1868ರ ನವೆಂಬರ್ 11, ಪೂರ್ವ ಫ್ರಾನ್ಸ್‌ನ ಕ್ವಿಸೋ ಎಂಬ ಊರಲ್ಲಿ. ಅವನು ಚಿಕ್ಕವನಿದ್ದಾಗಲೇ ಕುಟುಂಬ ಪ್ಯಾರಿಸ್‌ಗೆ ಬಂತು. ಅಪ್ಪ ಸೈನ್ಯದಲ್ಲಿದ್ದು ನಿವೃತ್ತರಾದವರು, ಇವನು ಹದಿಹರೆಯದಲ್ಲಿರುವಾಗಲೇ ತೀರಿಕೊಂಡರು. ಆಮೇಲೆ ಮನೆ ನಡೆದದ್ದು ಅಮ್ಮನ ಹೊಲಿಗೆಯಿಂದ. ಕಾರ್ಸೆಟ್ (ಹೆಂಗಸರು ಸೊಂಟಕ್ಕೆ ಬಿಗಿಯುತ್ತಿದ್ದ ಉಡುಪು) ಮತ್ತು ಬಟ್ಟೆ ಹೊಲಿಯುವ ಕೆಲಸ, ಅದೂ ಮನೆಯಲ್ಲೇ. ಊಟದ ಕೋಣೆ, ಹೊಲಿಗೆ ಕೋಣೆ, ಮಗ ಚಿತ್ರ ಬರೆಯುವ ಜಾಗ, ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕೀಲಿಕೈ.

ಪ್ಯಾರಿಸ್‌ನ ಕಾಂಡೊರ್ಸೆ ಶಾಲೆಯಲ್ಲಿ, ಮುಂದೆ ಚಿತ್ರಕಾರರಾದ ಮೊರಿಸ್ ದನಿ, ರುಸೆಲ್ ಮತ್ತು ನಾಟಕದವನಾದ ಲುನ್ಯೆ-ಪೊ ಇವನಿಗೆ ಗೆಳೆಯರಾದರು. ಆಮೇಲೆ ಬೊನಾರ್, ಇನ್ನೊಬ್ಬ ಚಿತ್ರಕಾರ ಸೆರುಸಿಯೆ ಸಿಕ್ಕರು. 1888ರಲ್ಲಿ ಸೆರುಸಿಯೆ ಪೊಂತ್-ಆವೆನ್ ಎಂಬ ಊರಲ್ಲಿ ಹಿರಿಯ ಚಿತ್ರಕಾರ ಗೋಗಾನ್ ಹೇಳಿಕೊಟ್ಟಂತೆ ಬರೆದ ಒಂದು ಪುಟ್ಟ ಚಿತ್ರವನ್ನು ಪ್ಯಾರಿಸ್‌ಗೆ ತಂದ. ಕಂಡ ಬಣ್ಣವನ್ನು ಅಳುಕದೆ ಗಾಢವಾಗಿ ಹಚ್ಚು ಎನ್ನುವುದೇ ಆ ಪಾಠ. ಅದರ ಸುತ್ತ ಸೇರಿದ ಹುಡುಗರು ತಮ್ಮನ್ನು 'ನಬಿ' ಎಂದು ಕರೆದುಕೊಂಡರು. ಹೀಬ್ರೂ ಭಾಷೆಯಲ್ಲಿ ಪ್ರವಾದಿ ಎಂದರ್ಥ.

ನಾನು ಎಡವಿದ ಜಾಗ

ಈಗ ಆ ಚಿತ್ರಕ್ಕೆ ಬರೋಣ. ಕಪ್ಪು ಬಟ್ಟೆಯಲ್ಲಿ ಅಮ್ಮ ಕುರ್ಚಿ ಮೇಲೆ ಕಾಲು ಅಗಲಿಸಿ, ತೊಡೆ ಮೇಲೆ ಕೈ ಊರಿ, ಗಟ್ಟಿಯಾಗಿ ಕೂತಿದ್ದಾಳೆ. ಎಡಗಡೆ ಅಕ್ಕ (ಅವಳ ಹೆಸರು ಮರಿ), ಚೌಕುಳಿ ಬಟ್ಟೆ ತೊಟ್ಟು ಗೋಡೆಗೆ ಆತುಕೊಂಡು ಬಗ್ಗಿ ನಿಂತಿದ್ದಾಳೆ. ಗೋಡೆ ತುಂಬ ಚುಕ್ಕಿ ಚುಕ್ಕಿ ವಾಲ್‌ಪೇಪರ್. ನೆಲ ನಮ್ಮ ಕಡೆ ಜಾರಿ ಬೀಳುವ ಹಾಗಿದೆ.

ನನ್ನ ಮೊದಲ ಟಿಪ್ಪಣಿಯಲ್ಲಿ 'ಪರ್ಸ್‌ಪೆಕ್ಟಿವ್ (ಚಿತ್ರದಲ್ಲಿ ದೂರ, ಆಳ ತೋರಿಸುವ ಕ್ರಮ) ತಪ್ಪಿದೆ, ಅಕ್ಕನ ಹೊರರೇಖೆ ಸ್ಪಷ್ಟವಿಲ್ಲ, ಬಹುಶಃ ಅಭ್ಯಾಸದ ಚಿತ್ರ' ಅಂತ ಬರೆದಿದ್ದೆ. ಇದು ಪೂರ್ತಿ ತಪ್ಪು. ಹೇಗೆ ತಪ್ಪು ಅಂತ ಅರ್ಥವಾಗಲು ನಾನು ಮೂರು ಸಲ ಸುತ್ತು ಹೊಡೆಯಬೇಕಾಯಿತು. ಅದಕ್ಕೇ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಒಂದು ವಸ್ತು ಅದರ ಹಿಂದಿನ ವಸ್ತುವಿನಿಂದ ಬೇರೆಯಾಗಿ ಕಾಣಬೇಕಾದರೆ ಏನು ಬೇಕು? ಬಣ್ಣ ಬೇರೆ ಇದ್ದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಸಾಲದು. ಅದಕ್ಕಿಂತ ಮುಖ್ಯ, ಎರಡರಲ್ಲಿ ಯಾವುದು ಎಷ್ಟು ಕಪ್ಪು, ಎಷ್ಟು ಬೆಳಕು ಎನ್ನುವುದು. ಇದಕ್ಕೆ ಟೋನ್ ಅನ್ನುತ್ತಾರೆ. ಹಸಿರೂ ಕಂದೂ ಬೇರೆ ಬೇರೆ ಬಣ್ಣ, ನಿಜ. ಆದರೆ ಎರಡೂ ಒಂದೇ ಮಟ್ಟದ ಕಪ್ಪಾಗಿದ್ದರೆ ಕಣ್ಣು ಅವುಗಳ ನಡುವಿನ ಅಂಚನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದರ ಮೇಲೆ ಎರಡರಲ್ಲೂ ಸಣ್ಣ ಸಣ್ಣ ಗುರುತು ತುಂಬಿಬಿಟ್ಟರೆ ಅಂಚು ಕರಗಿಯೇ ಹೋಗುತ್ತದೆ.

ವುಯಾರ್ ಅಕ್ಕನಿಗೆ ಮಾಡಿದ್ದು ಇದನ್ನೇ. ಗೋಡೆಯ ಚುಕ್ಕಿ, ಬಟ್ಟೆಯ ಚೌಕ, ಎರಡರ ಟೋನ್ ಹತ್ತಿರ ಹತ್ತಿರ. ಅಮ್ಮನಿಗೆ ಇದರ ಉಲ್ಟಾ. ಅವಳ ಬಟ್ಟೆಯಲ್ಲಿ ವಿನ್ಯಾಸವೇ ಇಲ್ಲ, ಒಂದೇ ಒಂದು ಕಪ್ಪು ಆಕಾರ. ಅದರ ಮೇಲೆ ಮುಖ ಮತ್ತು ಕೈ ಬೆಳ್ಳಗೆ ಹೊಳೆಯುತ್ತವೆ. ಅಂದರೆ ಹೊರರೇಖೆ ಹೇಗೆ ಸ್ಪಷ್ಟ ಮಾಡಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಒಬ್ಬಳಿಗೆ ಕೊಟ್ಟ, ಇನ್ನೊಬ್ಬಳಿಗೆ ಕೊಡಲಿಲ್ಲ. ಇದು ಹೊಳೆದ ಕ್ಷಣ ಇಡೀ ಚಿತ್ರ ಬೇರೆಯೇ ಆಯಿತು ನನಗೆ.

ಇದಕ್ಕೆ ನನ್ನ ಉಪಾಯ: ಕಣ್ಣು ಅರ್ಧ ಮುಚ್ಚಿ ನೋಡಿ. ರೆಪ್ಪೆ ಹತ್ತಿರ ತಂದಾಗ ಸಣ್ಣ ವಿವರ ಎಲ್ಲ ಮಸುಕಾಗಿ ಕಪ್ಪು-ಬೆಳಕು ಮಾತ್ರ ಉಳಿಯುತ್ತದೆ. ಅಮ್ಮ ಬಂಡೆಯ ಹಾಗೆ ಕೂತೇ ಇರುತ್ತಾಳೆ. ಅಕ್ಕನ ಮೈ ಗೋಡೆಗೆ ಸೇರಿಹೋಗಿ ಮುಖ ಮಾತ್ರ ಉಳಿಯುತ್ತದೆ. ನಂಬಿಕೆ ಬರದಿದ್ದರೆ ಫೋನ್‌ನಲ್ಲಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ನಾನು ಈಗ ಯಾವ ಚಿತ್ರ ಕಂಡರೂ ಮೊದಲು ಇದನ್ನೇ ಮಾಡುತ್ತೇನೆ.

ಇನ್ನು ನೆಲ. ಅದು ಮೇಲಕ್ಕೆ ಎದ್ದು ನಿಂತಿರುವುದೂ ಬೇಕೆಂದೇ ಮಾಡಿದ್ದು. ನೆಲ ಎದ್ದಷ್ಟೂ ಕೋಣೆಯ ಆಳ ಕಡಿಮೆಯಾಗುತ್ತದೆ, ಕೂತವರು ನಿಂತವರು ಎಲ್ಲ ಮುಂದಕ್ಕೆ ನೂಕಿದಂತೆ ಆಗುತ್ತದೆ. ಅಕ್ಕ ಬಗ್ಗಿದ್ದು ಏಕೆ ಅಂತಲೂ ನೋಡಿ. ನೆಟ್ಟಗೆ ನಿಂತರೆ ಅವಳ ತಲೆ ಚೌಕಟ್ಟಿನ ಆಚೆ ಹೋಗುತ್ತದೆ. ಆ ಕೋಣೆಯಲ್ಲಿ ಅವಳಿಗೆ ನೆಟ್ಟಗೆ ನಿಲ್ಲುವಷ್ಟು ಜಾಗ ಇಲ್ಲ. ಇದನ್ನು ಬರೆಯುವಾಗ ಈಗಲೂ ಒಂಥರಾ ಸಂಕಟ ಆಗುತ್ತದೆ.

1890ರಲ್ಲಿ, ಇನ್ನೂ ಇಪ್ಪತ್ತು ತುಂಬದ ದನಿ ಒಂದು ಮಾತು ಬರೆದಿದ್ದ. ಚಿತ್ರ ಅಂದರೆ ಯುದ್ಧದ ಕುದುರೆಯೋ ಮತ್ತೊಂದೋ ಆಗುವುದಕ್ಕಿಂತ ಮೊದಲು ಅದು ಒಂದು ಕ್ರಮದಲ್ಲಿ ಬಣ್ಣ ಜೋಡಿಸಿದ ಚಪ್ಪಟೆ ಮೇಲ್ಮೈ ಎಂಬುದು ಅದರ ಸಾರ. ನಾನಿದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಮಾತ್ರ ಈ ಅಕ್ಕನನ್ನು ನೋಡಿದ ಮೇಲೆ. ಆ ಕಾಲದ ಪ್ಯಾರಿಸ್‌ನಲ್ಲಿ ಜಪಾನಿ ಮರದಚ್ಚಿನ ಚಿತ್ರಗಳ ಹುಚ್ಚು ಬೇರೆ ಇತ್ತು. ಅವುಗಳಲ್ಲೂ ಬಟ್ಟೆಯ ವಿನ್ಯಾಸ ಮಡಿಕೆಯ ಜೊತೆ ತಿರುಗದೆ ಚಪ್ಪಟೆಯಾಗಿ ಕೂತಿರುತ್ತದೆ.

ಇದರ ಹಿಂದಿನ ಕಥೆ ಹುಡುಕುವ ಆಸೆ ಎಲ್ಲರಿಗೂ ಬರುತ್ತದೆ. ಅದೇ 1893ರಲ್ಲಿ ಮರಿ ಇವನ ಗೆಳೆಯ ರುಸೆಲ್‌ನನ್ನು ಮದುವೆಯಾದಳು, ಆ ಮದುವೆ ಸುಖದ್ದಾಗಲಿಲ್ಲ. ಅದೇ ವರ್ಷ ಲುನ್ಯೆ-ಪೊ ಶುರುಮಾಡಿದ ನಾಟಕ ಮಂದಿರಕ್ಕೆ ವುಯಾರ್ ರಂಗಸಜ್ಜಿಕೆ ಮಾಡಿದ. ಮುಚ್ಚಿದ ಕೋಣೆಯಲ್ಲಿ ಮಾತಾಡದೆ ಉಳಿದ ಸಂಗತಿಗಳೇ ತುಂಬಿರುವ, ನಾರ್ವೆಯ ನಾಟಕಕಾರ ಇಬ್ಸೆನ್‌ನ ನಾಟಕಗಳು ಅಲ್ಲಿ ಆಡುತ್ತಿದ್ದವು. ಅಮ್ಮನನ್ನು ದಬ್ಬಾಳಿಕೆಯವಳು ಅಂತ ಓದುವವರಿದ್ದಾರೆ. ನನಗೆ ಅದು ಅವಸರದ ತೀರ್ಮಾನ ಅನ್ನಿಸುತ್ತದೆ. ತನ್ನ ಅಮ್ಮನೇ ತನ್ನ ಸ್ಫೂರ್ತಿ ಅಂತ ಹೇಳಿಕೊಂಡವನು ಇವನು. ಅವಳು 1928ರಲ್ಲಿ ತೀರಿಕೊಳ್ಳುವವರೆಗೂ ಜೊತೆಯಲ್ಲೇ ಇದ್ದ. ಆಗ ಅವನಿಗೇ ಅರವತ್ತು.

ಡಿಸ್ಟೆಂಪರ್, ಟೆಂಪರಾ: ನನ್ನ ಎರಡನೇ ಗೊಂದಲ

ವುಯಾರ್ ಬಗ್ಗೆ ಓದುವಾಗ 'ಡಿಸ್ಟೆಂಪರ್' ಪದೇ ಪದೇ ಬರುತ್ತದೆ. ನಮ್ಮಲ್ಲಿ ಗೋಡೆಗೆ ಹೊಡೆಸುವ ಡಿಸ್ಟೆಂಪರ್ ಗೊತ್ತಲ್ವಾ, ಒರಗಿ ಕೂತರೆ ಬೆನ್ನಿಗೆ ಪುಡಿ ಹತ್ತುತ್ತದಲ್ಲ, ಅದೇ ಹೆಸರು. ಸಂಬಂಧವೂ ಇದೆ. ಎಣ್ಣೆಯಿಲ್ಲದೆ ನೀರು ಮತ್ತು ಅಂಟಿನಲ್ಲಿ ಕಲಸಿದ ಬಣ್ಣಕ್ಕೆ ಇರುವ ಹಳೆಯ ಹೆಸರು ಅದು. ಟೆಂಪರಾ ಬೇರೆ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಹಳದಿ ಇರುತ್ತದೆ. ಹೆಸರು ಹತ್ತಿರ ಇದೆ ಅಂತ ನಾನು ಎರಡನ್ನೂ ಒಂದೇ ಮಾಡಿಕೊಂಡಿದ್ದೆ.

ವುಯಾರ್ ಬಳಸಿದ್ದು ಮೊಲದ ಚರ್ಮದಿಂದ ಮಾಡಿದ ಅಂಟು. ಅದನ್ನು ನೀರಲ್ಲಿ ನೆನೆಸಿ, ಬಿಸಿ ಮಾಡಿ, ಬಣ್ಣದ ಪುಡಿ ಕಲಸಿ, ತಣ್ಣಗಾಗುವ ಮೊದಲೇ ಹಚ್ಚಬೇಕು. ತಣ್ಣಗಾದರೆ ಗಟ್ಟಿಯಾಗುತ್ತದೆ. ಹಾಗಾಗಿ ಪಕ್ಕದಲ್ಲಿ ಒಲೆ, ಒಲೆ ಮೇಲೆ ಪಾತ್ರೆ. ನಾಟಕದ ಪರದೆ ಬರೆಯುವಾಗ ಕಲಿತ ವಿದ್ಯೆ ಇದು.

ಕಷ್ಟ ಎಲ್ಲಿ ಅಂದರೆ, ಹಚ್ಚುವಾಗ ಕಂಡ ಬಣ್ಣ ಒಣಗಿದಾಗ ಇರುವುದಿಲ್ಲ, ತಿಳಿಯಾಗುತ್ತದೆ. ಯಾಕೆ? ಸ್ಲೇಟಿನ ಮೇಲೆ ಬಳಪ ಒದ್ದೆ ಮಾಡಿ ಬರೆದದ್ದು ನೆನಪಿಸಿಕೊಳ್ಳಿ. ಬರೆದ ತಕ್ಷಣ ಅಕ್ಷರ ಸರಿಯಾಗಿ ಕಾಣುವುದಿಲ್ಲ. ನೀರು ಆರಿದಂತೆ ಬೆಳ್ಳಗೆ ಮೂಡಿಬರುತ್ತದೆ. ಒದ್ದೆ ಇರುವಾಗ ಪುಡಿಯ ಕಣಗಳ ನಡುವೆ ನೀರಿರುತ್ತದೆ, ಬೆಳಕು ಹೆಚ್ಚು ಚದುರದೆ ಒಳಗೆ ಹೋಗುತ್ತದೆ. ಆರಿದ ಮೇಲೆ ಆ ಜಾಗಕ್ಕೆ ಗಾಳಿ ಬರುತ್ತದೆ, ಬೆಳಕು ಎಲ್ಲ ಕಡೆ ಚದುರಿ ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ. ಅಂಟಿನ ಬಣ್ಣದಲ್ಲೂ ಹೀಗೇ. ಎಣ್ಣೆ ಬಣ್ಣದಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಎಣ್ಣೆ ನೀರಿನಂತೆ ಆವಿಯಾಗಿ ಹೋಗದೆ ಅಲ್ಲೇ ಗಟ್ಟಿಯಾಗುತ್ತದೆ. ಅಂದರೆ ವುಯಾರ್ ಕಣ್ಣೆದುರಿನ ಬಣ್ಣ ನೋಡಿಕೊಂಡು ಹಚ್ಚುವಂತಿರಲಿಲ್ಲ. ಒಣಗಿದ ಮೇಲೆ ಏನಾಗುತ್ತದೋ ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಹಚ್ಚಬೇಕಿತ್ತು.

ಇಷ್ಟು ಕಷ್ಟ ಯಾಕೆ ಪಟ್ಟ? ಹೊಳಪಿಲ್ಲದ ಮೇಲ್ಮೈಗಾಗಿ ಅಂತ ನನ್ನ ಉತ್ತರ. ಗೋಡೆ ತುಂಬುವ ದೊಡ್ಡ ಚಿತ್ರದ ಮೇಲೆ ಬೆಳಕು ಮಿಂಚಿದರೆ ಅದು ಗೋಡೆಯ ಹಾಗೆ ಕಾಣುವುದಿಲ್ಲ. 1894ರಲ್ಲಿ ಅಲೆಕ್ಸಾಂದ್ರ್ ನತಾನ್ಸೋನ್ ಮನೆಗೆ ಬರೆದ 'ಸಾರ್ವಜನಿಕ ಉದ್ಯಾನ'ದ ಒಂಬತ್ತು ಫಲಕಗಳು ಅಂಟಿನ ಬಣ್ಣದವು. ಐದು ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿವೆ.

ಪರೀಕ್ಷೆಗೆ ಎಚ್ಚರ: 1893ರ ಆ ಚಿತ್ರ ಡಿಸ್ಟೆಂಪರ್ ಅಲ್ಲ, ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಆ ವರ್ಷಗಳ ಎಷ್ಟೋ ಸಣ್ಣ ಚಿತ್ರಗಳು ರಟ್ಟಿನ ಮೇಲೆ ಎಣ್ಣೆ ಬಣ್ಣದಲ್ಲಿವೆ. ರಟ್ಟು ಎಣ್ಣೆ ಹೀರಿಕೊಳ್ಳುವುದರಿಂದ ಅವೂ ಹೊಳಪಿಲ್ಲದೆ ಕಾಣುತ್ತವೆ. ನಾನು ಮೋಸಹೋದದ್ದು ಇಲ್ಲೇ.

ಉಳಿದದ್ದು

1890ರ ದಶಕದ ಕೊನೆಗೆ ಕೈಗೊಂದು ಕೊಡಕ್ ಕ್ಯಾಮೆರಾ ಬಂತು. ಸುಮಾರು ಎರಡು ಸಾವಿರ ಫೋಟೊ ತೆಗೆದ. ಅವನ್ನು ತೊಳೆದು ಪ್ರಿಂಟ್ ಮಾಡುವ ಕೆಲಸದಲ್ಲೂ ಅಮ್ಮ ಇದ್ದಳು. ಮುಂದೆ ಲೂಸಿ ಎಸೆಲ್ ಮತ್ತು ಅವಳ ಗಂಡ, ಕಲಾ ವ್ಯಾಪಾರಿ ಜೋಸ್ ಎಸೆಲ್, ಅವರ ಒಡನಾಟದಲ್ಲಿ ಶ್ರೀಮಂತರ ಮನೆಗಳು, ಭಾವಚಿತ್ರಗಳು ಬಂದವು. ಕೋಣೆ ದೊಡ್ಡದಾಯಿತು, ವಿವರ ಜಾಸ್ತಿಯಾಯಿತು. ನನಗೆ ಮೊದಲಿನ ಇಕ್ಕಟ್ಟು ಕೋಣೆಗಳೇ ಇಷ್ಟ. 1940ರಲ್ಲಿ ಜರ್ಮನ್ ಸೈನ್ಯ ಬಂದಾಗ ಪ್ಯಾರಿಸ್ ಬಿಟ್ಟು ಹೊರಟ, ಜೂನ್ 21ರಂದು ಲಾ ಬೋಲ್‌ನಲ್ಲಿ ತೀರಿಕೊಂಡ.

ಬೊನಾರ್ ಜೊತೆ ಗೊಂದಲ ಆದರೆ ಒಂದು ಸುಲಭ ಗುರುತು: ಸ್ನಾನದ ತೊಟ್ಟಿಯಲ್ಲಿ ಹೆಂಡತಿ ಇದ್ದರೆ ಬೊನಾರ್, ಹೊಲಿಗೆ ಹಿಡಿದ ಅಮ್ಮ ಇದ್ದರೆ ವುಯಾರ್.

ಕೊನೆಗೆ, ಅಭ್ಯಾಸಕ್ಕೆ ಒಂದು ಚಿತ್ರ. ಡಾಕ್ಟರ್ ವಾಕೇಜ್ ಅವರಿಗೆಂದು 1896ರಲ್ಲಿ ಬರೆದ ನಾಲ್ಕು ಫಲಕಗಳು ಪ್ಯಾರಿಸ್‌ನ ಪೆತಿ ಪಲೆ ಮ್ಯೂಸಿಯಂನಲ್ಲಿವೆ. ಒಂದರಲ್ಲಿ ಪಿಯಾನೊ, ಒಂದರಲ್ಲಿ ಹೊಲಿಗೆ. ಗೋಡೆ, ಜಮಖಾನ, ಬಟ್ಟೆ ಎಲ್ಲ ಹೂವೇ ಹೂವು, ಮೊದಲ ನೋಟಕ್ಕೆ ಮನುಷ್ಯರೇ ಕಾಣುವುದಿಲ್ಲ. ನಾನು ಮುಖ ಹುಡುಕುವುದು ಬಿಟ್ಟು ಕೈ ಹುಡುಕಿದೆ. ಹೊಲಿಯುವ ಕೈ ಸಿಕ್ಕಿತು, ಅಲ್ಲಿಂದ ತೋಳು, ತೋಳಿನಿಂದ ಬಗ್ಗಿದ ಕತ್ತು. ಹಾಗೇ ಒಬ್ಬೊಬ್ಬರಾಗಿ ಗೋಡೆಯಿಂದ ಹೊರಗೆ ಬಂದರು.