ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ಲಂಡನ್ನಿನ ಕ್ಯೂ ಉದ್ಯಾನದಲ್ಲಿ ‘ಪ್ರಿನ್ಸೆಸ್ ಆಫ್ ವೇಲ್ಸ್’ ಹೆಸರಿನ ಗಾಜಿನ ಮನೆಯಿದೆ. 1987ರಲ್ಲಿ ತೆರೆದದ್ದು. ಒಂದೇ ಸೂರಿನಡಿ 10 ಬಗೆಯ ಹವೆ. ಯಾವ ವಿಭಾಗಕ್ಕೆ ಎಷ್ಟು ಶಾಖ, ಎಷ್ಟು ತೇವ ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಮೊದಲು ಒಣಹವೆಯ ಕೋಣೆ ನೋಡಿ. ಪಾಪಾಸುಕಳ್ಳಿ, ಭೂತಾಳೆ, ಬೆಣಚುಕಲ್ಲಿನಂತೆ ನೆಲಕ್ಕಂಟಿ ಕೂತ ಲಿಥಾಪ್ಸ್. ಗಿಡವೊಂದು ಅನ್ನ ತಯಾರಿಸಿಕೊಳ್ಳಲು ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು. ತೆರೆದರೆ ಒಡಲ ನೀರು ಆವಿಯಾಗಿ ಹೋಗುತ್ತದೆ. ಮರುಭೂಮಿಯ ಬಿಸಿಲಲ್ಲಿ ಈ ನಷ್ಟ ತಾಳುವಂಥದ್ದಲ್ಲ. ಹಾಗಾಗಿ ಇಲ್ಲಿನ ಬಹಳಷ್ಟು ಗಿಡಗಳು ಹಗಲಿಡೀ ರಂಧ್ರ ಮುಚ್ಚಿಕೊಂಡಿದ್ದು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ಆಗ ಹೀರಿದ ಅನಿಲವನ್ನು ಮ್ಯಾಲಿಕ್ ಆಮ್ಲ ಎಂಬ ಹುಳಿಯಾಗಿಸಿ ಕೂಡಿಡುತ್ತವೆ. ಬೆಳಗಾದ ಮೇಲೆ ಆಮ್ಲ ಒಡೆದು, ಅನಿಲ ಒಳಗೇ ಬಿಡುಗಡೆಯಾಗಿ, ಬಿಸಿಲಿನ ಬಲದಿಂದ ಸಕ್ಕರೆಯಾಗುತ್ತದೆ.

ಈ ಗುಟ್ಟಿನ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ನಾಲಿಗೆಗೆ, ಅದೂ ಭಾರತದಲ್ಲಿ ಎಂಬುದು ನನಗೆ ಬಲು ಪ್ರಿಯವಾದ ಸಂಗತಿ. 19ನೇ ಶತಮಾನದ ಆರಂಭದಲ್ಲಿ ನಮ್ಮ ಲಾಲ್‌ಬಾಗನ್ನು ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆ ಅಗಿದು ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ! ಅವರ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ಪೂರ್ತಿ ಬಿಡಿಸಿಕೊಂಡದ್ದು 20ನೇ ಶತಮಾನದಲ್ಲಿ. ಎಲೆ ಕಿತ್ತಿಟ್ಟರೂ ಅಂಚಿನಲ್ಲಿ ಮರಿಗಿಡ ಚಿಗುರಿಸುವ ಕಾಡುಬಸಳೆ ನಮ್ಮ ಹಿತ್ತಿಲುಗಳಲ್ಲಿ ಈಗಲೂ ಇದೆ.

ಬಾಗಿಲು ದಾಟಿ ಮಳೆಕಾಡಿನ ಕೋಣೆಗೆ ಬಂದರೆ ಕನ್ನಡಕಕ್ಕೆ ಮಂಜು ಕವಿಯುತ್ತದೆ. ಅರಳಿ ಎಲೆಯ ಹಾಗೆ ತುದಿ ಚೂಪಾದ ಎಲೆಗಳು ಇಲ್ಲಿ ಹೇರಳ. ಬಿದ್ದ ನೀರು ಆ ತುದಿಯಿಂದ ಬೇಗ ಜಾರಿಹೋಗುತ್ತದೆ. ನೀರು ಹೆಚ್ಚಾದದ್ದೇ ಇಲ್ಲಿನ ತೊಂದರೆ ಅನ್ನಿಸುತ್ತದೆ. ಆದರೆ ಕೊಂಬೆಗೆ ಅಂಟಿಕೊಂಡ ಆರ್ಕಿಡ್ ನೋಡಿ, ಅದೇ ನಮ್ಮ ಸೀತಾಳೆಯ ಬಳಗ. ಬೇರಿಗೆ ಮಣ್ಣೇ ಇಲ್ಲ. ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ತೊಗಟೆ ಒಣಗುತ್ತದೆ, ಕಾಡಿನ ನಡುವೆಯೂ ಅದಕ್ಕೆ ಬರಗಾಲ. ಹಾಗಾಗಿ ಇಂಥ ಅನೇಕ ಆರ್ಕಿಡ್‌ಗಳೂ ಕಳ್ಳಿಯಂತೆ ರಾತ್ರಿಯೇ ಉಸಿರೆಳೆದು ಹುಳಿ ಕೂಡಿಡುತ್ತವೆ. ವೆನಿಲಾ ಬಳ್ಳಿಯದೂ ಅನಾನಸಿನದೂ ಇದೇ ದಾರಿ.

ಸಂಜೆ ಉದ್ಯಾನದ ಬಾಗಿಲು ಮುಚ್ಚಿ ಎಲ್ಲರೂ ಹೊರಟ ಮೇಲೆ, ಎರಡೂ ಕೋಣೆಗಳಲ್ಲಿ ಪತ್ರರಂಧ್ರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.