ಕಿಂಗ್ ಹೆಸರಿನ ರಜೆ, ಕಂಪನಿಗಳ ಶ್ರಮದಾನ: ಇದರ ಹಿಂದಿನ ಕಥೆ

1968ರ ಏಪ್ರಿಲ್ 3ರ ರಾತ್ರಿ. ಅಮೆರಿಕದ ಮೆಂಫಿಸ್ ನಗರದಲ್ಲಿ ಗುಡುಗು, ಮಳೆ. ಮೇಸನ್ ಟೆಂಪಲ್ ಎಂಬ ಚರ್ಚಿನಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಮಾತಾಡುತ್ತಿದ್ದರು. ಅದೇ ಅವರ ಕೊನೆಯ ಭಾಷಣ. ಬೆಟ್ಟದ ತುದಿಯಿಂದ ಆಚೆಯ ನಾಡನ್ನು ಕಂಡೆ ಎಂದ ಸಾಲುಗಳು ತುಂಬ ಜನಕ್ಕೆ ಗೊತ್ತು. ಅದಕ್ಕೆ ಮೊದಲು ಅವರು ಹೇಳಿದ್ದು ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ. ಅಂಗಡಿಗೆ ಹೋದಾಗ ಏನು ಬೇಡ ಅನ್ನಬೇಕು ಎಂದು ಅವರು ಹೆಸರು ಹಿಡಿದು ಹೇಳಿದ್ದರು. ಕೋಕಾ ಕೋಲಾ ಬೇಡ. ಸೀಲ್‌ಟೆಸ್ಟ್ ಹಾಲು ಬೇಡ. ವಂಡರ್ ಬ್ರೆಡ್ ಬೇಡ. ಕೆಲಸ ಕೊಡುವಾಗ ಇವರು ನ್ಯಾಯವಾಗಿ ನಡೆದುಕೊಂಡಿಲ್ಲ ಅನ್ನುವುದೇ ಕಾರಣ. ಪೇಟೆಯ ಬ್ಯಾಂಕುಗಳಲ್ಲಿರುವ ದುಡ್ಡು ತೆಗೆದು, ಕಪ್ಪು ಜನರೇ ನಡೆಸುವ ಟ್ರೈ-ಸ್ಟೇಟ್ ಬ್ಯಾಂಕಿನಲ್ಲಿ ಇಡಿ ಎಂದೂ ಕೇಳಿಕೊಂಡರು.

ಮರುದಿನ ಸಂಜೆ ಅವರನ್ನು ಗುಂಡಿಟ್ಟು ಕೊಂದರು.

ಈಗ ಪ್ರತಿ ಜನವರಿಯ ಮೂರನೇ ಸೋಮವಾರ ಅಮೆರಿಕದಲ್ಲಿ ಕಿಂಗ್ ಹೆಸರಿನ ರಜೆ. ಅಂದು ಅಲ್ಲಿನ ಎಷ್ಟೋ ಕಂಪನಿಗಳು ಅವರ ನೆನಪಿನಲ್ಲಿ ಸಮಾಜಸೇವೆ ಮಾಡುತ್ತವೆ. ಅಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದವರಿಗೂ ಮೇಲ್ ಬರುತ್ತದೆ: ಶಾಲೆಗೆ ಬಣ್ಣ ಬಳಿಯಲು ಬನ್ನಿ, ಬಡವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿನಲ್ಲಿ ಡಬ್ಬಿ ಜೋಡಿಸಲು ಬನ್ನಿ. ಒಳ್ಳೆಯ ಕೆಲಸವೇ. ಆದರೆ ಕಿಂಗ್ ಕಂಪನಿಗಳಿಂದ ಏನು ಕೇಳಿದ್ದರು ಅನ್ನುವುದು ಗೊತ್ತಿಲ್ಲದೆ ಹೋದರೆ, ಕೈಗೆ ಬಣ್ಣ ಮೆತ್ತಿಕೊಂಡು ಬಂದದ್ದಷ್ಟೇ ಆಗುತ್ತದೆ.

ನಾಗರಿಕ ಹಕ್ಕುಗಳ ಹೋರಾಟ ಕೋರ್ಟಿನಲ್ಲಿ, ಬೀದಿಯಲ್ಲಿ ನಡೆದಷ್ಟೇ ಅಂಗಡಿ ಬಾಗಿಲಲ್ಲೂ ನಡೆಯಿತು. ಬಸ್ಸಿನಲ್ಲಿ ಬಿಳಿಯರಿಗೆ ಬೇರೆ, ತಮಗೆ ಬೇರೆ ಸೀಟು ಅನ್ನುವುದನ್ನು ವಿರೋಧಿಸಿ ಮಾಂಟ್ಗೊಮೆರಿ ನಗರದ ಕಪ್ಪು ಜನ 1955ರ ಡಿಸೆಂಬರಿನಿಂದ 381 ದಿನ ಸಿಟಿ ಬಸ್ ಹತ್ತಲಿಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬೊರೊ ಊರಿನಲ್ಲಿ ನಾಲ್ವರು ಕಪ್ಪು ಕಾಲೇಜು ಹುಡುಗರು ವೂಲ್ವರ್ತ್ ಅಂಗಡಿಯ ಲಂಚ್ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಬಿಳಿಯರಿಗೆ ಮಾತ್ರ ಎಂದರು. ಹುಡುಗರು ಏಳಲಿಲ್ಲ. ದಿನದಿನಕ್ಕೂ ಜನ ಜಾಸ್ತಿಯಾದರು, ವ್ಯಾಪಾರ ಬಿತ್ತು. ಜುಲೈ 25ರಂದು ಅಂಗಡಿ ಮಣಿಯಿತು. ಅವತ್ತು ಆ ಕೌಂಟರಿನಲ್ಲಿ ಮೊದಲು ಕೂತು ಊಟ ಮಾಡಿದ ಕಪ್ಪು ಜನ ಯಾರು ಗೊತ್ತಾ? ಅದೇ ಅಂಗಡಿಯ ಕೆಲಸದವರು. ಅಲ್ಲೇ ದುಡಿಯುತ್ತಿದ್ದವರಿಗೆ ಅಲ್ಲೇ ಕೂತು ಉಣ್ಣುವ ಹಕ್ಕು ಅಲ್ಲಿಯವರೆಗೆ ಇರಲಿಲ್ಲ.

ಕಂಪನಿಗಳು ಬರೀ ಎದುರಾಳಿಗಳೇ ಆಗಿರಲಿಲ್ಲ. 1964ರಲ್ಲಿ ಕಿಂಗ್‌ಗೆ ನೊಬೆಲ್ ಬಂದಾಗ ಅವರ ಹುಟ್ಟೂರು ಅಟ್ಲಾಂಟಾದಲ್ಲಿ ಸನ್ಮಾನದ ಔತಣ ಏರ್ಪಾಡಾಯಿತು. ಊರಿನ ಬಿಳಿಯ ವ್ಯಾಪಾರಿಗಳು ಹಿಂದೇಟು ಹಾಕಿದರು. ಆಗ ಅದೇ ಊರಿನ ಕೋಕಾ ಕೋಲಾ ಕಂಪನಿಯ ಮುಖ್ಯಸ್ಥ ಪಾಲ್ ಆಸ್ಟಿನ್, ಆ ವ್ಯಾಪಾರಿಗಳ ಮುಂದೆ ಖಡಾಖಂಡಿತವಾಗಿ ಹೇಳಿದರಂತೆ: ನಮ್ಮ ಕಂಪನಿಗೆ ಅಟ್ಲಾಂಟಾ ಬೇಕಿಲ್ಲ, ಅಟ್ಲಾಂಟಾಕ್ಕೆ ನಮ್ಮ ಕಂಪನಿ ಬೇಕೋ ಬೇಡವೋ ನೀವು ತೀರ್ಮಾನಿಸಿ. ಇದನ್ನು ನೆನಪಿಸಿಕೊಂಡವರು ಕಿಂಗ್ ಒಡನಾಡಿ ಆಂಡ್ರ್ಯೂ ಯಂಗ್. ಟಿಕೆಟ್‌ಗಳೆಲ್ಲ ಖಾಲಿಯಾದವು. 1965ರ ಜನವರಿ 27ರಂದು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂತು ಊಟ ಮಾಡಿದರು.

ಔತಣಕ್ಕೆ ಬೆನ್ನಿಗೆ ನಿಂತ ಅದೇ ಕಂಪನಿಯ ಹೆಸರನ್ನು ಮೂರು ವರ್ಷದ ನಂತರ ಕಿಂಗ್ ಮೆಂಫಿಸ್‌ನಲ್ಲಿ ಎತ್ತಿದರು. ಸನ್ಮಾನಕ್ಕೂ ಕೆಲಸದ ನ್ಯಾಯಕ್ಕೂ ಅವರು ಒಂದೇ ಲೆಕ್ಕ ಬರೆಯಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ತುಂಬ ಮುಖ್ಯ ಅನ್ನಿಸುವುದು ಇದೇ.

ಇನ್ನು ರಜೆಯ ಕಥೆ. ಕಿಂಗ್ ಸತ್ತ ನಾಲ್ಕನೇ ದಿನ ಸಂಸದ ಜಾನ್ ಕಾನ್ಯರ್ಸ್ ಈ ರಜೆಗಾಗಿ ಅಮೆರಿಕದ ಸಂಸತ್ತಿನಲ್ಲಿ ಮಸೂದೆ ಮಂಡಿಸಿದರು. ಅದು ಕಾನೂನಾಗಲು 15 ವರ್ಷ ಬೇಕಾಯಿತು. 1979ರಲ್ಲಿ ಐದು ಮತ ಕಡಿಮೆ ಬಿದ್ದು ಸೋತಿತು. ಇನ್ನೊಂದು ಸಂಬಳದ ರಜೆ ಕೊಟ್ಟರೆ ಖರ್ಚು ಜಾಸ್ತಿ ಅನ್ನುವುದು ವಿರೋಧಿಗಳ ಒಂದು ದೊಡ್ಡ ವಾದ. 1983ರ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು, 1986ರಲ್ಲಿ ಮೊದಲ ಆಚರಣೆ ನಡೆಯಿತು. ಖಾಸಗಿ ಕಂಪನಿಗಳು ರಜೆ ಕೊಡಲೇಬೇಕು ಅಂತೇನೂ ಇರಲಿಲ್ಲ. ನ್ಯೂಯಾರ್ಕ್ ಷೇರುಪೇಟೆ ಈ ದಿನ ಬಾಗಿಲು ಹಾಕಲು ಶುರು ಮಾಡಿದ್ದೇ 1998ರಲ್ಲಿ.

ಇದನ್ನು ಸೇವೆಯ ದಿನ ಮಾಡಿದ್ದು 1994ರ ಕಾನೂನು. ಅದರ ಹಿಂದಿದ್ದವರು ಇಬ್ಬರು. ಒಬ್ಬರು ಸಂಸದ ಜಾನ್ ಲೂಯಿಸ್, 1965ರಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟು ಸೆಲ್ಮಾ ಊರಿನ ಸೇತುವೆಯ ಮೇಲೆ ಪೊಲೀಸರ ಏಟು ತಿಂದವರು. ಇನ್ನೊಬ್ಬರು ಸೆನೆಟರ್ ಹ್ಯಾರಿಸ್ ವೊಫರ್ಡ್, ಯುವಕನಾಗಿದ್ದಾಗಲೇ ಭಾರತಕ್ಕೆ ಬಂದು ಗಾಂಧಿ ದಾರಿಯನ್ನು ಅಭ್ಯಾಸ ಮಾಡಿದವರು. ಸುಮ್ನೆ ಮನೆಯಲ್ಲಿ ಕೂರುವ ರಜೆ ಇದಲ್ಲ, ಕೈ ಹಚ್ಚುವ ದಿನ ಅನ್ನುವುದು ಅವರ ಆಸೆ. ನಮ್ಮ ಶ್ರಮದಾನ ಎಂಬ ಮಾತಿಗೆ ಇದು ತುಂಬ ಹತ್ತಿರ, ಅಲ್ವಾ?

ಹಾಗಾದರೆ ಕಂಪನಿಗಳು ಏನು ಮಾಡಬಹುದು? ಮೊದಲು ಕೇಳಬೇಕು. ಬಡ ಬಡಾವಣೆಯ ಶಾಲೆಗೆ ಬಣ್ಣಕ್ಕಿಂತ ಸಂಜೆ ಹೊತ್ತು ಗಣಿತ ಹೇಳಿಕೊಡುವವರು ಬೇಕಿರಬಹುದು. ಕೈಯಲ್ಲಿರುವ ಕಸುಬನ್ನೇ ಕೊಟ್ಟರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ತೆರಿಗೆ ಲೆಕ್ಕ ಸಲ್ಲಿಸುವ ಕಾಲ ಜನವರಿ ಕೊನೆಯಲ್ಲೇ ಶುರುವಾಗುತ್ತದೆ. ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ಲೆಕ್ಕ ಬರೆದುಕೊಡುವ ಸ್ವಯಂಸೇವಕರ ಕೇಂದ್ರಗಳು ಎಲ್ಲ ಕಡೆ ಇವೆ. ಒಬ್ಬ ಅಕೌಂಟೆಂಟ್ ವಾರಕ್ಕೊಂದು ಸಂಜೆ, ಏಪ್ರಿಲ್‌ವರೆಗೆ ಅಲ್ಲಿ ಕೂತರೆ ಎಷ್ಟೋ ಮನೆಗಳಿಗೆ ವಾಪಸ್ ಬರಬೇಕಾದ ದುಡ್ಡು ಬರುತ್ತದೆ.

ಇನ್ನೊಂದು ಮಾತು, ಇದನ್ನು ನುಂಗಿಕೊಳ್ಳಲು ನನ್ನಿಂದಾಗದು. ಆ ರಜೆಯ ಸೋಮವಾರ ಆಫೀಸಿನವರು ಟೀ ಶರ್ಟ್ ತೊಟ್ಟು ಸೇವೆಗೆ ಹೊರಡುತ್ತಾರೆ. ಅದೇ ಹೊತ್ತಿಗೆ ಎಷ್ಟೋ ಕಡೆ ಗೋದಾಮಿನವರು, ಅಂಗಡಿ ಕೌಂಟರಿನವರು, ಗುತ್ತಿಗೆಯಲ್ಲಿ ನೆಲ ಒರೆಸುವವರು ಎಂದಿನಂತೆ ಕೆಲಸಕ್ಕೆ ಬಂದಿರುತ್ತಾರೆ. ಅವರಿಗೆ ರಜೆಯೂ ಇಲ್ಲ, ಸೇವೆಗೆ ಹೋಗಲು ಸಂಬಳ ಸಹಿತ ಬಿಡುವೂ ಇಲ್ಲ. ಕಿಂಗ್ ಮೆಂಫಿಸ್‌ಗೆ ಹೋಗಿದ್ದು ಇಂಥವರಿಗಾಗಿಯೇ. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿಗೆ ಹೊಕ್ಕ ಎಕೊಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರನ್ನು ಕಸ ಅದುಮುವ ಯಂತ್ರ ನುಜ್ಜುಗುಜ್ಜು ಮಾಡಿತು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. 'ನಾನು ಮನುಷ್ಯ' ಎಂದು ಬರೆದ ಫಲಕ ಹಿಡಿದು ನಡೆದರು.

ಕಿಂಗ್ ಸತ್ತ 12 ದಿನಕ್ಕೆ ನಗರಾಡಳಿತ ಈ ಪೌರಕಾರ್ಮಿಕರ ಸಂಘವನ್ನು ಒಪ್ಪಿಕೊಂಡು ಸಂಬಳ ಏರಿಸಿತು. ಆದರೆ ಅವರಲ್ಲಿ ತುಂಬ ಜನಕ್ಕೆ ನಗರದ ಪಿಂಚಣಿ ಸಿಗಲಿಲ್ಲ. ಕೆಲವರು ಎಂಬತ್ತು ದಾಟಿದರೂ ಕಸದ ಲಾರಿ ಬಿಡಲಿಲ್ಲ. 2017ರಲ್ಲಿ ಮೆಂಫಿಸ್ ನಗರ, ಆ ಮುಷ್ಕರದಲ್ಲಿದ್ದು ಇನ್ನೂ ಬದುಕಿರುವವರಿಗೆ ತಲಾ 50,000 ಡಾಲರ್ ಕೊಡಲು ತೀರ್ಮಾನಿಸಿತು.