ಖಾಲಿ ಜಾಗ ಖಾಲಿಯಾಗಿಯೇ ಕಾಣಲಿ

ಕೆಲವು ವರ್ಷಗಳ ಹಿಂದಿನ ಮಾತು. ಶಿಕಾರಿಪುರದ ಕಡೆಯ ಒಂದು ಮನೆಯ ನಕ್ಷೆ ಮುಗಿಸಿದ್ದೆ. ಅದೇ ವಾರ ತೀರ್ಥಹಳ್ಳಿ ದಾಟಿ ಆಗುಂಬೆ ದಾರಿಯಲ್ಲಿ ಇನ್ನೊಂದು ಮನೆಯ ಕೆಲಸ ಬಂತು. ನಕ್ಷೆಯ ಮೇಲೆ ಕಟ್ಟುವವರಿಗಾಗಿ ಬರೆಯುವ ಸೂಚನೆಗಳನ್ನೆಲ್ಲ ಹೊಸದಾಗಿ ಯಾರು ಟೈಪ್ ಮಾಡುತ್ತಾರೆ, ಅಲ್ವಾ? ಹಳೇ ಫೈಲಿನಿಂದ ಕಾಪಿ, ಪೇಸ್ಟ್. ಎಂಟು ಸಾಲಿನಲ್ಲಿ ಏಳನ್ನು ತಿದ್ದಿದೆ. ಒಂದು ಕಣ್ತಪ್ಪಿತು: ‘ಕಿಟಕಿ ಸಜ್ಜಾ 1½ ಅಡಿ’. ಸಜ್ಜಾ ಅಂದರೆ ಮಳೆ ತಡೆಯಲು ಕಿಟಕಿಯ ಮೇಲೆ ಹೊರಗೆ ಚಾಚಿರುವ ಚಪ್ಪಡಿ.

ಮೇಸ್ತ್ರಿ ಬರೆದಿದ್ದನ್ನೇ ಕಟ್ಟಿಸಿದರು. ತಪ್ಪು ಅವರದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿಕಾರಿಪುರದಲ್ಲಿ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆ ಒಂದೇ, ಸಜ್ಜಾ ಒಂದೇ ಆಗಲು ಸಾಧ್ಯವಿಲ್ಲ. ಮೊದಲ ಮಳೆಗಾಲದಲ್ಲೇ ಎರಚಲು ಹೊಡೆದು ಕಿಟಕಿಯ ಮರ ಉಬ್ಬಿತು. ಕೊನೆಗೆ ತಗಡಿನ ಮರೆ ಕಟ್ಟಿಸಿ, ಅದರ ದುಡ್ಡು ನಾನೇ ಕೊಟ್ಟೆ.

ಆ 1½ ಅಡಿ ನೋಡಲು ಸರಿಯಾಗಿಯೇ ಇತ್ತು. ಅದೇ ತೊಂದರೆ. ‘15 ಅಡಿ’ ಅಂತ ಇದ್ದಿದ್ದರೆ ಯಾರಾದರೂ ನಕ್ಕು ಫೋನ್ ಮಾಡುತ್ತಿದ್ದರು.

ಆಮೇಲೆ ನಾನು ಸೂಚನೆಗಳನ್ನು ಬರೀ ಟೆಕ್ಸ್ಟ್ ಆಗಿ ಇಡುವುದನ್ನು ಬಿಟ್ಟೆ. ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಅಟ್ರಿಬ್ಯೂಟ್ ಇರುವ ಬ್ಲಾಕ್ ಮಾಡಿಕೊಂಡೆ. ಬ್ಲಾಕ್ ಅಂದರೆ ಒಮ್ಮೆ ಮಾಡಿಟ್ಟು ಬೇಕಾದ ಕಡೆ ಇಡಬಹುದಾದ ಗುಂಪು; ಅಟ್ರಿಬ್ಯೂಟ್ ಅಂದರೆ ಅದರೊಳಗೆ ಪ್ರತಿ ಸಲ ತುಂಬಿಸುವ ಖಾಲಿ ಜಾಗ. ಯಾವತ್ತೂ ಬದಲಾಗದ ಮಾತನ್ನು, ಅಂದರೆ ‘ಸ್ಕೇಲ್ ಇಟ್ಟು ಅಳೆಯಬೇಡಿ, ಬರೆದ ಅಳತೆಯನ್ನೇ ನೋಡಿ’ ಅಂಥದ್ದನ್ನು ಮಾಮೂಲಿ ಟೆಕ್ಸ್ಟ್‌ನಲ್ಲಿ ಬರೆಯಿರಿ. ಪ್ರತಿ ಮನೆಗೂ ಬದಲಾಗುವ ಕಡೆ ಅಟ್‌ಡೆಫ್ (ATTDEF) ಕಮಾಂಡ್ ಕೊಡಿ. ಅದು ಮೂರು ವಿಷಯ ಕೇಳುತ್ತದೆ. ಟ್ಯಾಗ್ ಅಂದರೆ ಆ ಜಾಗದ ಹೆಸರು; ಇದರಲ್ಲಿ ಸ್ಪೇಸ್ ಬಿಡುವ ಹಾಗಿಲ್ಲ. ಪ್ರಾಂಪ್ಟ್ ಅಂದರೆ ಬ್ಲಾಕ್ ಇಡುವಾಗ ಅದು ನಿಮ್ಮನ್ನು ಕೇಳುವ ಪ್ರಶ್ನೆ. ಡಿಫಾಲ್ಟ್ ಅಂದರೆ ನೀವೇನೂ ಬರೆಯದಿದ್ದರೆ ತಾನಾಗಿ ಕೂರುವ ಬೆಲೆ; ಬೆಲೆ ಅಂದರೆ ಇಲ್ಲಿ ದುಡ್ಡಲ್ಲ, ಆ ಜಾಗದಲ್ಲಿ ಬರುವ ಅಂಕಿ ಅಥವಾ ಪದ. ಎಲ್ಲ ಆದ ಮೇಲೆ ಟೆಕ್ಸ್ಟ್, ಅಟ್ರಿಬ್ಯೂಟ್ ಎರಡನ್ನೂ ಸೇರಿಸಿ ಬ್ಲಾಕ್ ಮಾಡಿ. ಆಗ ಅಟ್ರಿಬ್ಯೂಟ್‌ಗಳನ್ನು ಒಟ್ಟಿಗೆ ಬಾಚಿ ಸೆಲೆಕ್ಟ್ ಮಾಡಬೇಡಿ, ಒಂದೊಂದಾಗಿ ಕ್ಲಿಕ್ ಮಾಡಿ. ಕ್ಲಿಕ್ ಮಾಡಿದ ಕ್ರಮದಲ್ಲೇ ಮುಂದೆ ಪ್ರಶ್ನೆಗಳು ಬರುತ್ತವೆ.

ಡಿಫಾಲ್ಟ್‌ನಲ್ಲೇ ನಾನು ಹೆಚ್ಚಿನವರ ಜೊತೆ ಜಗಳ ಆಡುವುದು. ‘ಸಾಮಾನ್ಯವಾಗಿ 2 ಅಡಿ ತಾನೇ, ಅದನ್ನೇ ಹಾಕಿಡೋಣ, ಕೆಲಸ ಬೇಗ ಆಗುತ್ತೆ’ ಅನ್ನುತ್ತಾರೆ. ಹಾಗೆ ಮಾಡಿದರೆ ಮತ್ತೆ ಹಳೇ ಕಾಪಿ-ಪೇಸ್ಟ್ ಕಥೆಯೇ. ಎಂಟರ್ ಒತ್ತುತ್ತಾ ಹೋದರೆ ಯಾರದೋ ಮನೆಯ ಅಳತೆ ಇನ್ಯಾರದೋ ಮನೆಗೆ ಬಂದು ಕೂರುತ್ತದೆ. ನನ್ನ ಬ್ಲಾಕಿನಲ್ಲಿ ಡಿಫಾಲ್ಟ್ ಅಂದರೆ ನಾಲ್ಕು ಪ್ರಶ್ನೆ ಚಿಹ್ನೆ: ‘????’. ತುಂಬಿಸಲು ಮರೆತರೆ ಪ್ರಿಂಟ್‌ನಲ್ಲಿ ಕಣ್ಣಿಗೆ ಹೊಡೆಯಬೇಕು. ಒಮ್ಮೆ ಹೊಸನಗರದ ಸೈಟಿನಿಂದ ಮೇಸ್ತ್ರಿ ಫೋನ್ ಮಾಡಿ, “ಸಾರ್, ಪ್ಲಿಂತ್ ಎದುರಿಗೆ ಬರೀ ಕ್ವೆಶ್ಚನ್ ಮಾರ್ಕ್ ಐತಲ್ಲ, ಎಷ್ಟು ತಗಳ್ಲಿ?” ಅಂತ ಕೇಳಿದರು. (ಪ್ಲಿಂತ್ ಅಂದರೆ ಹೊರಗಿನ ನೆಲದಿಂದ ಮನೆಯ ಒಳನೆಲದವರೆಗಿನ ಕಟ್ಟೆ.) ನಾಚಿಕೆ ಆಯಿತು, ನಿಜ. ಆದರೆ ತಗಡಿನ ಖರ್ಚು ಬರಲಿಲ್ಲ.

ಪ್ರಾಂಪ್ಟನ್ನೂ ಜಿಪುಣತನದಿಂದ ಬರೆಯಬೇಡಿ. ‘ಪ್ಲಿಂತ್’ ಅಂತ ಒಂದೇ ಪದ ಬರೆದರೆ ಸಾಲದು. ‘ಪ್ಲಿಂತ್ ಎಷ್ಟು ಎತ್ತರ? ಇಳಿಜಾರಿನ ಯಾವ ಬದಿಯಿಂದ ಅಳೆದಿದ್ದು?’ ಅಂತ ಬರೆಯಿರಿ. ಇದು ಪ್ರಿಂಟ್‌ನಲ್ಲಿ ಕಾಣುವುದಿಲ್ಲ, ತುಂಬಿಸುವವರಿಗೆ ಮಾತ್ರ ಕಾಣುತ್ತದೆ. ನಮ್ಮ ಗುಡ್ಡದ ಸೈಟುಗಳಲ್ಲಿ ಈ ಪ್ರಶ್ನೆ ಕೇಳದೇ ಇದ್ದರೆ ಕಷ್ಟ.

ಕನ್ನಡದಲ್ಲಿ ಸೂಚನೆ ಬರೆಯುವವರಿಗೆ ಇನ್ನೊಂದು ಸಣ್ಣ ಫಜೀತಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಸಜ್ಜಾ ___ ಅಡಿ ಹೊರಗೆ ಇರಬೇಕು’ ಅಂತ ಬರೆದರೆ ಅಟ್ರಿಬ್ಯೂಟ್ ನಟ್ಟನಡುವೆ ಸಿಕ್ಕಿಕೊಳ್ಳುತ್ತದೆ. ಬೆಲೆ ಉದ್ದವಾದರೂ ಮುಂದಿನ ಪದ ಸರಿದು ಜಾಗ ಕೊಡುವುದಿಲ್ಲ. ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಅದಕ್ಕೇ ವಾಕ್ಯವನ್ನು ಮುರಿದು ‘ಸಜ್ಜಾ ಚಾಚು : 3 ಅಡಿ’, ‘ಗೋಡೆ : ಜಂಬಿಟ್ಟಿಗೆ’ ಅಂತ ಬರೆಯಿರಿ, ಬೆಲೆ ಸಾಲಿನ ತುದಿಗೆ ಬರಲಿ. ಮೇಸ್ತ್ರಿಗಳಿಗೂ ಇದೇ ಇಷ್ಟ.

ಲೆಕ್ಕ ಹಾಕಿ ಬರುವ ಬೆಲೆಗೆ ಅಟ್ರಿಬ್ಯೂಟ್‌ನೊಳಗೆ ಫೀಲ್ಡ್, ಅಂದರೆ ನಕ್ಷೆಯಿಂದಲೇ ಅಂಕಿ ಎತ್ತಿಕೊಳ್ಳುವ ಟೆಕ್ಸ್ಟ್, ಹಾಕಬಹುದು. ಇದು ಆಟೋಕ್ಯಾಡ್ 2005ರಿಂದಲೂ ಇದೆ. ಕೋಣೆಯ ಸುತ್ತ ಪಾಲಿಲೈನ್ (ತುಂಡುಗಳೆಲ್ಲ ಸೇರಿ ಒಂದೇ ಆದ ಗೆರೆ) ಎಳೆದು, ಅದರ ಏರಿಯಾವನ್ನು ಫೀಲ್ಡ್‌ಗೆ ಜೋಡಿಸಿ. ನಕ್ಷೆ ಮಿಲಿಮೀಟರಿನಲ್ಲಿದ್ದರೆ ಕನ್ವರ್ಷನ್ ಫ್ಯಾಕ್ಟರ್ ಚದರ ಮೀಟರಿಗೆ 0.000001, ಚದರ ಅಡಿಗೆ 0.00001076391. ಗೋಡೆ ಸರಿದಾಗ ಪಾಲಿಲೈನನ್ನೂ ಎಳೆದು ರೀಜೆನ್ (ನಕ್ಷೆಯನ್ನು ಮತ್ತೆ ಮೂಡಿಸುವ ಕಮಾಂಡ್) ಕೊಡಿ, ಅಂಕಿ ತಾನೇ ಬದಲಾಗುತ್ತದೆ. ಪಾಲಿಲೈನ್ ಅಳಿಸಿದರೆ ‘####’ ಬರುತ್ತದೆ. ಸುಳ್ಳು ಅಂಕಿಗಿಂತ ಇದು ವಾಸಿ.

ಬೆಲೆ ತಿದ್ದಲು ಬ್ಲಾಕಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು. ಹುಡುಗರು ಅಭ್ಯಾಸಬಲದಿಂದ ಎಕ್ಸ್‌ಪ್ಲೋಡ್ ಮಾಡಿ ಬ್ಲಾಕನ್ನು ಒಡೆದುಬಿಡುತ್ತಾರೆ; ತುಂಬಿಸಿದ್ದೆಲ್ಲ ಹೋಗಿ ಬರೀ ಟ್ಯಾಗ್ ಹೆಸರು ಉಳಿಯುತ್ತದೆ. ಒಡೆಯಲೇಬೇಕು ಅಂದರೆ ಎಕ್ಸ್‌ಪ್ರೆಸ್ ಟೂಲ್ಸ್‌ನ ಬರ್ಸ್ಟ್ ಬಳಸಿ, ಬೆಲೆ ಟೆಕ್ಸ್ಟ್ ಆಗಿ ಉಳಿಯುತ್ತದೆ. ಮುಂದೆ ಬ್ಲಾಕಿಗೆ ಹೊಸ ಸಾಲು ಸೇರಿಸಿದರೆ ಮೊದಲೇ ಇಟ್ಟ ಬ್ಲಾಕುಗಳಲ್ಲಿ ಅದು ತಾನಾಗಿ ಕಾಣುವುದಿಲ್ಲ. ಅಟ್‌ಸಿಂಕ್ (ATTSYNC) ಕಮಾಂಡ್ ಕೊಡಬೇಕು.

ಇನ್ನು ಫಾಂಟ್. ಆಟೋಕ್ಯಾಡ್ ಜೊತೆ ಬರುವ ಎಸ್‌ಎಚ್‌ಎಕ್ಸ್ (SHX) ಫಾಂಟ್‌ಗಳಲ್ಲಿ ಕನ್ನಡ ಮೂಡುವುದಿಲ್ಲ. ಟೆಕ್ಸ್ಟ್ ಸ್ಟೈಲ್‌ಗೆ ನಿರ್ಮಲಾ ಯುಐ ಥರದ ಯೂನಿಕೋಡ್ ಫಾಂಟ್ ಹಾಕಿ. ಹಳೇ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು) ಟೈಪ್ ಮಾಡಿದ ಸೂಚನೆ, ಆ ಫಾಂಟ್ ಇಲ್ಲದ ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಯಾವುದೋ ಮಂತ್ರದ ಹಾಗೆ ಕಾಣುತ್ತದೆ. ನಾನಂತೂ ಪಿಡಿಎಫ್ ಮಾಡಿಯೇ ಕಳಿಸುವುದು. ಕಳಿಸುವ ಮೊದಲು ಎರಡೇ ನೋಡುತ್ತೇನೆ: ಒತ್ತಕ್ಷರ ಒಡೆದಿದೆಯಾ, ಎಲ್ಲಾದರೂ ಪ್ರಶ್ನೆ ಚಿಹ್ನೆ ಉಳಿದಿದೆಯಾ.